ಆಟದ ಚಂದಾ: ಕಾಶಿಯಲ್ಲಿ ಬಿಡತಕ್ಕದ್ದೆ?

ಕಾಶಿಯಾತ್ರೆಗೆ ಬಂದವರು ತಮಗೆ ಪ್ರಿಯವಾದ ಪದಾರ್ಥವೊಂದನ್ನು ಇಲ್ಲಿ ಬಿಟ್ಟು ಹೋಗಬೇಕೆಂಬ ರೂಢಿ ನಮ್ಮ ನಾಡಿನಲ್ಲಿ ಹಿಂದಿನಿಂದಲೂ ನಡೆದು ಬಂದಿದೆ. ಹನುಮಾನ್ ಘಾಟಿನ ಕಡೆ ಗಂಗೆಯಲ್ಲಿ ಮಿಂದು ನಮ್ಮ ಹೋಟೆಲಿಗೆ ಬರುತ್ತಿದ್ದ ಯಾತ್ರಿಕರನ್ನು “ಏನು ಬಿಟ್ಟಿರಿ?” ಎಂದು ಕೇಳುವುದು, ಗಲ್ಲಾದಲ್ಲಿ ಕುಳಿತ ಕಾಲದಲ್ಲಿ ನಮ್ಮ ಅಭ್ಯಾಸವಾಗಿತ್ತು. ಹಲವರು ನಗುತ್ತ ಹಾಗಲಕಾಯಿ ಎನ್ನುತ್ತಿದ್ದರು. ಹಾಗಲಕಾಯಿ ತಮಗೆ ಅಷ್ಟು ಪ್ರಿಯವೇ ಎಂದು ಮರುಪ್ರಶ್ನೆ ಹಾಕಿದರೆ ಜೊತೆಗಿದ್ದ ಮನೆಯವರೇ ತಲೆಯಾಡಿಸಿ ಗುಟ್ಟು ಬಿಟ್ಟುಕೊಡುತ್ತಿದ್ದರು. ಸುಲಭವಾದದ್ದನ್ನು ಬಿಟ್ಟು ಪುಣ್ಯ ಕಟ್ಟಿಕೊಳ್ಳುವುದು ಮನುಷ್ಯಸ್ವಭಾವ.

ಹೋಟೆಲು ಬಿಟ್ಟು ಪತ್ರಿಕೆ ಹಿಡಿದ ಮೇಲೆ ಆ ಪ್ರಶ್ನೆ ಕೇಳುವ ಸಂದರ್ಭ ನಮಗೆ ಬಂದಿರಲಿಲ್ಲ. ಈಚೆಗೆ ಅದು ತಾನಾಗಿಯೇ ಕಾರ್ಯಾಲಯದ ಮೆಟ್ಟಲು ಹತ್ತಿ ಬಂದಿತು. ಬೈಂದೂರು ಕಡೆಯ ತರುಣನೊಬ್ಬನು, ಗೋದೌಲಿಯಾದ ಸಮೀಪದ ಹೋಟೆಲೊಂದರಲ್ಲಿ ಮಾಣಿಯಾಗಿರುವವನು, ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದು ನಿಂತನು. ಹಿಂದಿನ ದಿನ ಬೆಳಿಗ್ಗೆ ಬಿಸಿ ಹುಳಿಯ ಪಾತ್ರೆ ಕೈಜಾರಿ ಮುಂಗೈ ಬೆಂದಿತ್ತು. ರಾತ್ರಿ ಒಂದು ಗಂಟೆಯವರೆಗೆ ಫೋನಿನಲ್ಲಿ ಆಟ. ಮಂಗಳಾರತಿಗೆ ಹೋಗಿ ಬರುವ ಯಾತ್ರಿಕರಿಗೆ ಇಡ್ಲಿ ಸಿದ್ಧವಿರಬೇಕಾದ್ದರಿಂದ ನಾಲ್ಕಕ್ಕೆ ಏಳುವುದು. ಯಜಮಾನರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಆಟವೋ ಕೆಲಸವೋ, ಒಂದನ್ನು ಆರಿಸಿಕೋ.

“ಧಣಿಗಳೇ, ಎರಡು ವರ್ಷದಿಂದ ತಿಂಗಳಿಗೆ 350 ರೂಪಾಯಿ ಚಂದಾ ಕಟ್ಟಿದ್ದೇನೆ. ಈಗ ಬಿಟ್ಟರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುವುದಿಲ್ಲವೇ?” ಎಂದು ಅವನು ಕೇಳಿದನು.

ಚಂದಾ ಎಂಬ ಮಾತು ಕೇಳಿದಾಗ ಪತ್ರಿಕೆಯವನ ಕಿವಿ ನಿಮಿರುವುದು ಸಹಜ. ಚಂದಾದಾರರನ್ನು ನಂಬಿ ಬದುಕುವ ನಾವು ಚಂದಾ ನಿಲ್ಲಿಸುವ ವಿಚಾರದಲ್ಲಿ ಬುದ್ಧಿ ಹೇಳುವುದು ವಿಚಿತ್ರವೇ ಸರಿ. ಆದರೂ ಹೋಟೆಲುಗಳ ಅಟ್ಟದ ಮೇಲೆ ಇಂತಹ ತರುಣರು ಹಲವರಿರುವರೆಂದು ಬಲ್ಲೆವಾದ್ದರಿಂದ, ಅವನಿಗೆ ಹೇಳಿದ್ದನ್ನೂ ಅವನಿಂದ ಕಲಿತದ್ದನ್ನೂ ವಾಚಕರ ಮುಂದಿಡುತ್ತಿದ್ದೇವೆ.

ಹಳಸಿದ ಹುಳಿಯ ಲೆಕ್ಕ

ಮೊದಲು ಹಣದ ಮಾತು. ತಿಂಗಳಿಗೆ 350ರಂತೆ ಎರಡು ವರ್ಷಕ್ಕೆ 8,400 ರೂಪಾಯಿ. ಬಡವನಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಇಂದಿನ ತೀರ್ಮಾನಕ್ಕೂ ಆ ಮೊತ್ತಕ್ಕೂ ಸಂಬಂಧವಿಲ್ಲ. ರಾತ್ರಿ ಉಳಿದ ಹುಳಿ ಬೆಳಿಗ್ಗೆ ಹಳಸಿದ್ದರೆ, ಅದಕ್ಕೆ ಹಾಕಿದ ಬೇಳೆಯ ಬೆಲೆ ನೆನೆದು ಗಿರಾಕಿಗೆ ಬಡಿಸುವ ಯಜಮಾನನು ಬೇಳೆಯನ್ನೂ ಕಳೆದುಕೊಳ್ಳುತ್ತಾನೆ, ಗಿರಾಕಿಯನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ಉಪದೇಶಕ್ಕಾಗಿ ಹೇಳುತ್ತಿಲ್ಲ. ನಷ್ಟದಲ್ಲಿದ್ದ ನಮ್ಮ ಎರಡನೆಯ ಅಂಗಡಿಯನ್ನು, ಮೇಜು ಕುರ್ಚಿಗಳಿಗೆ ಅಷ್ಟು ಸುರಿದಿದ್ದೇವಲ್ಲ ಎಂಬ ಒಂದೇ ಕಾರಣಕ್ಕೆ, ಇನ್ನೆರಡು ವರ್ಷ ನಡೆಸಿ ಮತ್ತಷ್ಟು ಸುರಿದವರು ನಾವು. ಕೇಳಬೇಕಾದ ಪ್ರಶ್ನೆ ಒಂದೇ: ಇದುವರೆಗೆ ಬಿಡಿಕಾಸೂ ಕೊಟ್ಟಿರದಿದ್ದರೆ, ಇಂದು ಹೊಸದಾಗಿ ಈ ಚಂದಾ ಕಟ್ಟುತ್ತಿದ್ದೆನೆ?

ಆಟಕ್ಕೆ ತಿಂಗಳ ಚಂದಾ ಎಂಬುದು ತೀರ ಹೊಸದಲ್ಲ. ಸಾವಿರಾರು ಜನ ಒಂದೇ ಕಾಲ್ಪನಿಕ ರಾಜ್ಯದಲ್ಲಿ ಕೂಡಿ ಆಡುವ ‘ಅಲ್ಟಿಮಾ ಆನ್‌ಲೈನ್’ 1997ರಲ್ಲಿಯೂ ‘ಎವರ್‌ಕ್ವೆಸ್ಟ್’ 1999ರಲ್ಲಿಯೂ ಅಮೆರಿಕದಲ್ಲಿ ಆರಂಭವಾದಾಗಲೇ ಈ ಪದ್ಧತಿಯಿತ್ತು. 2004ರ ನವೆಂಬರಿನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟಕ್ಕೆ 2010ರಲ್ಲಿ 1 ಕೋಟಿ 20 ಲಕ್ಷ ಚಂದಾದಾರರಿದ್ದರು. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇನ್ನೊಂದು ಬಗೆ. ಆಟಕ್ಕೆ ಪ್ರವೇಶ ಧರ್ಮಾರ್ಥ. ಬಣ್ಣದ ಅಂಗಿಗೂ ಬಂದೂಕಿನ ಅಲಂಕಾರಕ್ಕೂ ಚಂದಾ. ನಮ್ಮ ತರುಣನದೂ ಇದೇ ಬಗೆಯದು.

ಹೀಗೆ ಕೊಂಡದ್ದು ನಮ್ಮದೆಂದು ಭಾವಿಸುವುದೂ ಪೂರ್ತಿ ನಿಜವಲ್ಲ. ‘ಸಿಟಿ ಆಫ್ ಹೀರೋಸ್’ ಎಂಬ ಆಟವನ್ನು, ಹಣ ಕೊಡುವವರು ಇನ್ನೂ ಇರುವಾಗಲೇ, ಅದರ ಒಡೆಯರು 2012ರ ನವೆಂಬರ್ 30ರಂದು ಮುಚ್ಚಿದರು. ನಮ್ಮಲ್ಲಿ 2020ರ ಸೆಪ್ಟೆಂಬರ್ 2ರಂದು ಸರ್ಕಾರ ‘ಪಬ್‌ಜಿ ಮೊಬೈಲ್’ ಆಟವನ್ನು ನಿಷೇಧಿಸಿತು. ಅದೇ ಆಟ 2021ರ ಜುಲೈಯಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಿಂದ ಮರಳಿತು. 2022ರ ಜುಲೈ 28ರಂದು ಸರ್ಕಾರದ ಆಜ್ಞೆಯಂತೆ ಫೋನಿನ ಅಂಗಡಿಗಳಿಂದ ಮರೆಯಾಯಿತು. 2023ರ ಮೇ ತಿಂಗಳಿನಲ್ಲಿ ಮತ್ತೆ ತೆರೆಯಿತು. ಎರಡು ಸಲ ಬಾಗಿಲು ಮುಚ್ಚಿದ ಛತ್ರದಲ್ಲಿ ಗಂಟು ಇಡುವವನು ಅದನ್ನು ತಿಳಿದೇ ಇಡಬೇಕು.

ಹಾಜರಿ ಪುಸ್ತಕ

ನಮ್ಮ ಹೋಟೆಲಿನಲ್ಲಿ ತಿಂಗಳ ಊಟದವರಿದ್ದರು. ಮುಂಗಡ ಕೊಟ್ಟವರು ಜ್ವರ ಬಂದ ದಿನ ಬರಲಿಲ್ಲ, ಊರಿಗೆ ಹೋದ ವಾರ ಬರಲಿಲ್ಲ. ಅವರು ಉಣ್ಣದ ಊಟದಲ್ಲಿ ನಮ್ಮ ಲಾಭವಿತ್ತೆಂದು ಈಗ ಒಪ್ಪಿಕೊಂಡರೆ ತಪ್ಪಿಲ್ಲ. ಚಂದಾ ವಸೂಲು ಮಾಡುವವನಿಗೆ ಮರೆಯುವ ಗಿರಾಕಿಯೇ ಲಕ್ಷ್ಮಿ. ಕೊಟ್ಟ ಹಣ ದಕ್ಕಬೇಕೆಂದು ಹಸಿವಿಲ್ಲದಿದ್ದರೂ ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುವವರೂ ಇದ್ದರು. ಹೊಟ್ಟೆನೋವು ಅವರ ಪಾಲು.

ಫೋನಿನ ಆಟ ಈ ಎರಡನೆಯ ಬಗೆಯವರನ್ನು ಬೆಳೆಸುತ್ತದೆ. ದಿನವೂ ಬಂದು ಇಂತಿಷ್ಟು ಕೆಲಸ ಮುಗಿಸಿದರೆ ಮಾತ್ರ ತಿಂಗಳ ಕೊನೆಗೆ ಪೂರ್ತಿ ಬಹುಮಾನ. ಒಂದು ದಿನ ತಪ್ಪಿದರೆ ಆ ದಿನದ್ದು ಹೋಯಿತು. ತರುಣನು ಫೋನು ತೆರೆದು ತೋರಿಸಿದಾಗ ನಮಗೆ ಕಂಡದ್ದು ಆಟವಲ್ಲ, ಹಾಜರಿ ಪುಸ್ತಕ. ಹೋಟೆಲಿನ ಪಾಳಿ ರಾತ್ರಿ ಹತ್ತೂವರೆಗೆ ಮುಗಿದರೆ ಇನ್ನೊಬ್ಬ ಯಜಮಾನನ ಪಾಳಿ ಹನ್ನೊಂದಕ್ಕೆ ಆರಂಭ. ಈ ಯಜಮಾನನಿಗೆ ಸಂಬಳ ಕೊಡುವವನು ನೌಕರನೇ!

“ತಮ್ಮಾ, ನಿನ್ನೆ ಆಡುವಾಗ ಸಂತೋಷವಾಯಿತೆ?” ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆಯದು ಬರೀ ಲೆಕ್ಕ ಮುಗಿಸಲಿಕ್ಕೆ ಆಡಿದ್ದು” ಎಂದನು. ಅಷ್ಟಕ್ಕೇ ಪ್ರಶ್ನೆ ತೀರಿತೆಂದು ನಾವು ತಿಳಿದೆವು. ಬಿಟ್ಟುಬಿಡು ಎಂದೆವು. ಆಗ ಅವನು ಹೇಳಿದ ಮಾತು ನಮ್ಮ ಬಾಯಿ ಕಟ್ಟಿಸಿತು.

“ಅಣ್ಣ ಶಾರ್ಜಾದಲ್ಲಿದ್ದಾನೆ. ಫೋನು ಮಾಡಿದರೆ ‘ಊಟ ಆಯ್ತಾ’ ಎಂದು ಕೇಳುತ್ತಾನೆ, ‘ಆಯ್ತು’ ಎನ್ನುತ್ತೇನೆ. ಆಮೇಲೆ ಇಬ್ಬರಿಗೂ ಮಾತಿಲ್ಲ. ಆಟದಲ್ಲಿ ಕೂತರೆ ಮಾತ್ರ ಎಲ್ಲ ಹೇಳುತ್ತಾನೆ.”

ಕಟ್ಟೆಯ ಮಾತು

ಇದನ್ನು ನಾವು ಲಘುವಾಗಿ ತಳ್ಳಿಹಾಕಲಾರೆವು. ಗಂಡಸರು ಎದುರುಬದುರು ಕುಳಿತು ಮನಸ್ಸು ಬಿಚ್ಚುವುದು ಅಪರೂಪ. ಊರಿನಲ್ಲಿ ಅಡಕೆ ಸುಲಿಯುವಾಗ, ಬಲೆ ನೇಯುವಾಗ, ಚೌಕಾಬಾರದ ಕವಡೆ ಎಸೆಯುವಾಗ, ಕೈ ಯಾವುದೋ ಕೆಲಸದಲ್ಲಿದ್ದಾಗಲೇ ತಂದೆಯ ಸಾಲದ ಮಾತು, ತಂಗಿಯ ಮದುವೆಯ ಮಾತು ಬಾಯಿಗೆ ಬರುವುದು. ಕಾಶಿಯಲ್ಲಿ ತಮ್ಮ, ಶಾರ್ಜಾದಲ್ಲಿ ಅಣ್ಣ. ನಡುವೆ ಕಟ್ಟೆಯೆಲ್ಲಿ, ಕವಡೆಯೆಲ್ಲಿ? ನಾಲ್ವರ ಪಂಗಡ ಕಟ್ಟಿಕೊಂಡು ಆಡುವ ಈ ಆಟವೇ ಅವರ ಕಟ್ಟೆಯಾಗಿದೆ. ಅಮ್ಮನ ಕಣ್ಣಿಗೆ ಪೊರೆ ಬಂದ ಸುದ್ದಿಯನ್ನು ಅಣ್ಣ ಮೊದಲು ಹೇಳಿದ್ದು ಆಟದ ನಡುವೆಯಂತೆ.

ನಮ್ಮ ವಾಚಕರಲ್ಲಿಯೇ ಒಬ್ಬ ಗುಮಾಸ್ತರು, ಯಾತ್ರಿನಿವಾಸವೊಂದರಲ್ಲಿ ಲೆಕ್ಕ ಬರೆಯುವವರು, ಮೈಸೂರಿನ ವಿದ್ಯಾರ್ಥಿನಿಲಯದಲ್ಲಿರುವ ಮಗನೊಡನೆ ಭಾನುವಾರ ಒಂದು ಗಂಟೆ ಆಡಲೆಂದೇ ಇಬ್ಬರ ಚಂದಾವನ್ನೂ ಕಟ್ಟುತ್ತಾರೆ. ಆಟ ಅವರಿಗೆ ಇಂದಿಗೂ ಬಾರದು. ಪ್ರತಿ ಸಲವೂ ಮೊದಲು ಸಾಯುವವರು ಅವರೇ. ಆದರೆ ಆ ಹಣ ದಂಡವೆಂದು ಹೇಳುವ ಧೈರ್ಯ ನಮಗಿಲ್ಲ.

ಹಾಗಾದರೆ ಬೆಲೆ ಕಟ್ಟಬೇಕಾದದ್ದು ಆಟಕ್ಕಲ್ಲ, ಜೊತೆಗೆ. ನಾವು ತರುಣನನ್ನು ಎರಡನೆಯ ಪ್ರಶ್ನೆ ಕೇಳಿದೆವು: ಆಟ ನಾಳೆಯೇ ಮುಚ್ಚಿದರೆ, ಆ ಮೂವರಲ್ಲಿ ಎಷ್ಟು ಮಂದಿಯನ್ನು ನಿಜವಾದ ಹೆಸರು ಹಿಡಿದು ಕರೆಯಬಲ್ಲೆ? ಅಣ್ಣನ ಹೆಸರು ಗೊತ್ತು. ಮುಂಬಯಿಯ ಗೆಳೆಯನದೂ ಗೊತ್ತು. ಮೂರನೆಯವನದು ಎರಡು ವರ್ಷವಾದರೂ ಆಟದ ಹೆಸರು ಮಾತ್ರ ಗೊತ್ತು.

ಆಚರಣೆಯ ಮಾತು

ಕೊನೆಗೆ ಗೊತ್ತಾದ ಏರ್ಪಾಡು ಇದು. ಒಂದು ತಿಂಗಳು ಚಂದಾ ನಿಲ್ಲಿಸುವುದು. ಅದಕ್ಕೆ ಮೊದಲು ಮೂವರಿಗೂ ತಿಳಿಸಿ ದೂರವಾಣಿ ಸಂಖ್ಯೆ ಪಡೆಯುವುದು. ಹೋಟೆಲಿಗೆ ವಾರದ ರಜೆಯ ಹಿಂದಿನ ರಾತ್ರಿ ಮಾತ್ರ ಆಡುವುದು. ಉಳಿದ ದಿನ ಹನ್ನೊಂದಕ್ಕೆ ದೀಪ ಆರಿಸುವುದು. ಯಜಮಾನರೊಡನೆ ಮಾತಾಡಿ, ಕೈ ಮಾಯುವವರೆಗೆ ಅವನನ್ನು ಕಟ್ಟಡದ ಚೀಟಿ ಹರಿಯುವ ಕೆಲಸಕ್ಕೆ ಹಾಕಿಸಿದೆವು.

ಚಂದಾ ನಿಲ್ಲಿಸುವ ಕ್ರಮ ಹಲವರಿಗೆ ತಿಳಿಯದು. ಆಟವನ್ನು ಫೋನಿನಿಂದ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ತಮ್ಮ ಚಂದಾಗಳ ಪಟ್ಟಿ ತೆರೆದು ಅಲ್ಲಿಯೇ ರದ್ದು ಮಾಡಬೇಕು. ಯುಪಿಐ ಮೂಲಕ ತಾನಾಗಿ ಹಣ ಕಡಿತವಾಗುವ ‘ಆಟೋಪೇ’ ಏರ್ಪಾಡು 2020ರಲ್ಲಿ ಬಂದಿತು. ಅದರ ಅನುಮತಿಯನ್ನು ಹಣ ಕಳಿಸುವ ಆ್ಯಪಿನಲ್ಲಿಯೇ ನೋಡಿ ತೆಗೆಯಬಹುದು. ಹೀಗೆ ಕಡಿತ ಮಾಡುವ 24 ಗಂಟೆ ಮೊದಲು ಗಿರಾಕಿಗೆ ಸೂಚನೆ ಹೋಗಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿ ಜಾರಿಗೆ ಬಂದಿದೆ. ಆ ಸಂದೇಶವನ್ನು ಓದದೆ ಅಳಿಸಬೇಡಿರಿ.

ಇನ್ನೊಂದು ಎಚ್ಚರಿಕೆ. ಚಂದಾ ಬೇರೆ, ಪಣ ಬೇರೆ. ಹಣ ಕಟ್ಟಿ ಹಣ ಗೆಲ್ಲುವ ಆಸೆ ತೋರಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಅಂತಹ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಪಣವಿಲ್ಲದೆ ಕೇವಲ ಚಂದಾ ಪಡೆಯುವ ವಿನೋದದ ಆಟಗಳಿಗೆ ಅದೇ ಕಾಯಿದೆ ಎಡೆ ಕೊಟ್ಟಿದೆ. ಆದ್ದರಿಂದ ಚಂದಾದ ಹೆಸರಿನಲ್ಲಿ ಯಾರಾದರೂ ಗೆಲುವಿನ ಹಣದ ಮಾತೆತ್ತಿದರೆ ಅಲ್ಲಿಂದ ಏಳುವುದೇ ಕ್ಷೇಮ.

ಒಂದು ತಿಂಗಳು ಬಿಡುವೆನೆಂದು ಹೊರಟು ಬಿಡಲಾಗದೆ, ನಿದ್ರೆ ಊಟ ಕೆಲಸಗಳನ್ನೆಲ್ಲ ಆಟವೇ ನುಂಗಿದರೆ ಅದನ್ನು ಚಟವೆಂದು ಹಳಿಯುವುದರಿಂದ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೂ 2022ರಿಂದ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಇಂತಹವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಸರ್ಕಾರದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಖರ್ಚಿಲ್ಲದೆ ಮಾತಾಡಬಹುದು.

ತಿಂಗಳು ಕಳೆದ ಮೇಲೆ ತರುಣನು ಮತ್ತೆ ಬಂದನು. ಕೈಯ ಗಾಯ ಮಾದು ಕಲೆ ಉಳಿದಿತ್ತು. ಮೂರನೆಯವನು ಸಂಖ್ಯೆ ಕೊಡದೆ ಬೇರೆ ಪಂಗಡಕ್ಕೆ ಹೋದನಂತೆ. ಅದನ್ನು ಹೇಳುವಾಗ ಅವನ ಮುಖ ಬಾಡಿದ್ದು ನಮಗೆ ಕಂಡಿತು. ಎರಡು ವರ್ಷದ ಸ್ನೇಹ, ಹೆಸರಿಲ್ಲದಿದ್ದರೂ ಸ್ನೇಹವೇ. ಮುಂಬಯಿಯವನು ಈಗ ಹಗಲಿನಲ್ಲಿಯೂ ಫೋನು ಮಾಡುತ್ತಾನೆ. ಅಣ್ಣನ ವಿಷಯ ಕೇಳಿದೆವು.

“ಚಂದಾ ನಿಲ್ಲಿಸಿದೆ ಎಂದು ಹೆದರಿ ಹೆದರಿ ಹೇಳಿದೆ. ಅವನೂ ಮರುದಿನವೇ ನಿಲ್ಲಿಸಿದ. ತಾನು ನಿಲ್ಲಿಸಿದರೆ ನಾನು ಆಟಕ್ಕೆ ಬರುವುದಿಲ್ಲವೆಂದು ಇಷ್ಟು ದಿನ ಕಟ್ಟುತ್ತಿದ್ದನಂತೆ.”

ವಾರಕ್ಕೊಂದು ರಾತ್ರಿ ಅಣ್ಣತಮ್ಮಂದಿರು ಈಗಲೂ ಆಡುತ್ತಾರೆ. ಇಬ್ಬರ ಮೈಮೇಲೂ ಬಣ್ಣದ ಅಂಗಿಯಿಲ್ಲ. ಕಾಶಿಯಲ್ಲಿ ಅವನು ಬಿಟ್ಟದ್ದು ಹಾಗಲಕಾಯಿಯನ್ನಲ್ಲ, ಅಣ್ಣನನ್ನೂ ಅಲ್ಲ, ಹಾಜರಿಯನ್ನು.

ಎಲ್ಲರಿಗೂ ಇದೇ ಉತ್ತರ ಒಪ್ಪಲಾರದು. ಆ ಗುಮಾಸ್ತರು ಚಂದಾ ಮುಂದುವರಿಸಿದ್ದಾರೆ, ಅದೂ ಸರಿಯೇ. ವಾಚಕರು ತಮ್ಮ ತಮ್ಮ ಫೋನು ತೆರೆದು, ಹಗಲು ಹೊತ್ತಿನಲ್ಲಿ, ನಿದ್ರೆ ತಿಳಿದಿರುವಾಗ, ಆ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ತಮ್ಮ ಅನುಭವ ಬರೆದು ಕಳುಹಿಸಿದರೆ ಹೆಸರು ಮರೆಮಾಡಿ ಪ್ರಕಟಿಸುವೆವು. ನಮ್ಮ ಪತ್ರಿಕೆಯ ಚಂದಾವನ್ನೂ ಅದೇ ತಕ್ಕಡಿಯಲ್ಲಿ ತೂಗುವುದಾದರೆ ತೂಗಿರಿ. ಹಾಜರಿಗಾಗಿ ಓದುವ ಚಂದಾದಾರರು ನಮಗೂ ಬೇಡ.