ಮಾತು ಬಾರದ ಮಗುವೂ ಹಲವು ಶಾಸ್ತ್ರಗಳೂ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯಾವುದಾದರೊಂದು ಹಳ್ಳಿಯಲ್ಲಿ ಎರಡು ವರ್ಷ ತುಂಬಿದರೂ ಮಾತನಾಡದ ಮಗುವೊಂದಿದೆ ಎಂದು ಭಾವಿಸೋಣ. “ಇವನಪ್ಪನಿಗೂ ಮಾತು ತಡವಾಗಿಯೇ ಬಂತು” ಎಂದು ಮನೆಯ ಹಿರಿಯರು ಸಮಾಧಾನ ಹೇಳುವರು. ಇದು ಬಹು ದುಬಾರಿಯಾದ ಸಮಾಧಾನ. ನುಡಿಯನ್ನು ಗ್ರಹಿಸುವ ಶಕ್ತಿಯು ಮಿದುಳಿನಲ್ಲಿ ಮೊದಲ ಕೆಲವು ವರ್ಷಗಳಲ್ಲಿಯೇ ಬೇರೂರುವುದು. ಆಗ ಕಿವಿಗೆ ಧ್ವನಿಯೂ ಕಣ್ಣಿಗೆ ಸನ್ನೆಯ ಭಾಷೆಯೂ ದೊರೆಯದೆ ಹೋದರೆ ಕಳೆದ ಕಾಲವನ್ನು ತುಂಬಿಕೊಳ್ಳುವುದು ಕಷ್ಟ. ಆದುದರಿಂದಲೇ ಶ್ರವಣದೋಷವನ್ನು ಮೂರು ತಿಂಗಳೊಳಗೆ ಗುರುತಿಸಿ, ಆರು ತಿಂಗಳೊಳಗೆ ಉಪಚಾರವನ್ನು ಆರಂಭಿಸಬೇಕೆಂದು ತಜ್ಞರು ಹೇಳುವರು.

ಹಸುಗೂಸಿನ ಕಿವಿಯನ್ನು ಪರೀಕ್ಷಿಸುವುದೆಂತು? “ಕೇಳಿಸಿತೇ?” ಎಂದರೆ ಅದು ಉತ್ತರಿಸಲಾರದು. ಇಲ್ಲಿ ನಿಸರ್ಗವೇ ಒಂದು ಉಪಾಯವನ್ನು ಒದಗಿಸಿದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ನಾಳದೊಳಗೆ ಸುಮಾರು 12,000 ಹೊರ ರೋಮಕೋಶಗಳುಂಟು. ಶಬ್ದವು ತಾಕಿದೊಡನೆ ಇವು ಹಿಗ್ಗಿ ಕುಗ್ಗುವುವು. ಆ ಚಲನೆಯಿಂದ ಹುಟ್ಟಿದ ಅತಿ ಕ್ಷೀಣವಾದ ಧ್ವನಿಯು ಕಿವಿಯಿಂದ ಹೊರಕ್ಕೆ ಬರುವುದು. ಕೇಳುವ ಕಿವಿ ತಾನೂ ನುಡಿಯುವುದೆಂದರೆ ಸೋಜಿಗವಲ್ಲವೇ! 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಇದನ್ನು ಪ್ರಕಟಿಸಿದರು. ನಿದ್ರಿಸುವ ಕೂಸಿನ ಕಿವಿಯಲ್ಲಿ ಪುಟ್ಟ ಮೈಕ್ರೊಫೋನನ್ನು ಇಟ್ಟು ಕೆಲವೇ ನಿಮಿಷಗಳಲ್ಲಿ ಇದನ್ನು ಅಳೆಯಬಹುದು.

ಆ ಧ್ವನಿ ಬಾರದಿದ್ದರೆ ಕಿವುಡೆಂದು ನಿರ್ಣಯಿಸಬಹುದೇ? ಕೂಡದು. ನಡುಗಿವಿಯಲ್ಲಿ ದ್ರವ ತುಂಬಿರಬಹುದು. ಅದನ್ನು ಕಿವಿ, ಮೂಗು, ಗಂಟಲಿನ ವೈದ್ಯರು ನೋಡಬೇಕು. ಧ್ವನಿ ಚೆನ್ನಾಗಿ ಬಂದೂ ದೋಷವು ಶ್ರವಣನರದಲ್ಲಿ ಅಡಗಿರುವುದುಂಟು. ಆಗ ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ ನರದ ಸ್ಪಂದನವನ್ನು ಅಳೆಯಬೇಕು. ಎರಡೂ ಸರಿಯಾಗಿದ್ದು ಮಾತು ಬಾರದಿದ್ದರೆ ಮಗುವಿನ ಬುದ್ಧಿ, ನಡವಳಿಕೆಗಳನ್ನು ಮನಶ್ಶಾಸ್ತ್ರಜ್ಞರು ಪರಿಶೀಲಿಸಬೇಕು. ಒಂದೇ ಶಾಸ್ತ್ರವನ್ನು ಬಲ್ಲವನು ಎಲ್ಲ ಮಕ್ಕಳಲ್ಲಿಯೂ ಅದರ ದೋಷವನ್ನೇ ಕಾಣುವ ಅಪಾಯವಿದೆ.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮಹತ್ವವು ನಮಗೆ ಇಲ್ಲಿಯೇ ಕಾಣುವುದು. ಶ್ರವಣವಿಜ್ಞಾನ, ವಾಕ್ ಚಿಕಿತ್ಸೆ, ಮನಶ್ಶಾಸ್ತ್ರ, ಎಲೆಕ್ಟ್ರಾನಿಕ್ಸ್, ವೈದ್ಯಶಾಸ್ತ್ರ, ವಿಶೇಷ ಶಿಕ್ಷಣ ಇವೆಲ್ಲ ಅಲ್ಲಿ ಒಂದೇ ಆವರಣದಲ್ಲಿವೆ. ನಾಲ್ಕು ವರ್ಷಗಳ ಪದವಿಯಲ್ಲಿ ಶ್ರವಣ, ವಾಕ್ಕುಗಳೆರಡನ್ನೂ ಕಲಿಸುವರು. ಕೊನೆಯ ವರ್ಷವೆಲ್ಲ ಪ್ರತ್ಯಕ್ಷ ಸೇವೆಗೆ ಮೀಸಲು. ಅನಂತರವೇ ಸ್ನಾತಕೋತ್ತರ ತರಗತಿಗಳಲ್ಲಿ ಎರಡು ದಾರಿಗಳು ಕವಲೊಡೆಯುವುವು. ಮೊದಲು ಕೂಡಿ ಕಲಿತು ಬಳಿಕ ಬೇರೆಯಾಗುವ ಈ ಕ್ರಮವು ನಮಗೆ ಮೆಚ್ಚುಗೆಯಾದುದು.

ಆದರೆ ಪದವೀಧರನಿಗೆ ನಿಜವಾದ ಪರೀಕ್ಷೆ ಅಜ್ಜಂಪುರದಂಥ ಊರಿನಲ್ಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುವುವು. ದೋಷವನ್ನು ಕಂಡುಹಿಡಿದುದರಿಂದಲೇ ಕೆಲಸ ಮುಗಿಯದು. ಶ್ರವಣಯಂತ್ರವನ್ನು ಕಿವಿಯಲ್ಲಿ ನಿಲ್ಲಿಸುವ ಅಚ್ಚನ್ನೇ ನೋಡಿರಿ: ಕೂಸಿನ ಕಿವಿ ಬೆಳೆದಂತೆ ಅದು ಸಡಿಲವಾಗಿ ಯಂತ್ರವು ಶಿಳ್ಳೆಯಿಡತೊಡಗುವುದು, ಕೆಲವು ತಿಂಗಳಿಗೊಮ್ಮೆ ಹೊಸದನ್ನು ಮಾಡಿಸಬೇಕು. ಪ್ರತಿ ಸಲವೂ ಕೂಲಿಯನ್ನು ಬಿಟ್ಟು, ಬೀರೂರಿನಲ್ಲಿ ರೈಲು ಬದಲಿಸಿ, ಮೈಸೂರಿಗೆ ಹೋಗಿಬರುವುದು ಆ ತಾಯಿಗೆ ಸಾಧ್ಯವೇ? ಅಚ್ಚು ತೆಗೆಯಬಲ್ಲವನೊಬ್ಬನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇದ್ದರೆ ಅದು ಅರ್ಧ ಗಂಟೆಯ ಕೆಲಸ.