ಮನೆಮಂದಿ ನಂಬಿದರು, ನಾಯಿ ನಂಬಲಿಲ್ಲ

ಡ್ಯಾಫ್ನೆ ಡು ಮೋರಿಯೆ ಅವರ ‘ದಿ ಸ್ಕೇಪ್‌ಗೋಟ್’ (1957) ಕಾದಂಬರಿಯನ್ನು ಓದಿದವರಲ್ಲಿ ಎರಡು ಪಂಗಡ. ನಿದ್ದೆಗೆಟ್ಟು ಓದಿದೆವು ಎನ್ನುವವರು ಕೆಲವರು. ಓದಿದ್ದೇನೋ ನಿಜ, ಆದರೆ ಇದು ನಂಬುವಂಥ ಮಾತೇ ಎಂದು ಮೂಗು ಮುರಿಯುವವರು ಇನ್ನು ಕೆಲವರು. ತಕರಾರು ಕಥೆಯ ಬುಡಕ್ಕೇ ಸಂಬಂಧಿಸಿದ್ದು. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ ಇಂಗ್ಲೆಂಡಿನ ಒಬ್ಬ ಮೇಷ್ಟ್ರಿಗೆ ತನ್ನದೇ ಪಡಿಯಚ್ಚಿನಂಥ ದ ಗೇ ಎಂಬ ಫ್ರೆಂಚ್ ಕುಲೀನ ಎದುರಾಗುತ್ತಾನೆ. ಇಬ್ಬರೂ ಕೂತು ಕುಡಿಯುತ್ತಾರೆ. ಮೇಷ್ಟ್ರಿಗೆ ಎಚ್ಚರವಾದಾಗ ತನ್ನ ಬಟ್ಟೆ, ಕಾಗದಪತ್ರ ಎಲ್ಲವೂ ಮಾಯ. ದ ಗೇಯ ಡ್ರೈವರ್ ಇವನನ್ನೇ ಯಜಮಾನನೆಂದುಕೊಂಡು ಬಂಗಲೆಗೆ ಕರೆದೊಯ್ಯುತ್ತಾನೆ. ಅಲ್ಲಿ ಹೆತ್ತ ತಾಯಿ, ಕೈಹಿಡಿದ ಹೆಂಡತಿ, ಮಗಳು, ತಮ್ಮ ಯಾರಿಗೂ ಅನುಮಾನವೇ ಬರುವುದಿಲ್ಲ. ಇಲ್ಲಿಗೆ ಬಂದು ಓದುಗ ಎಡವುತ್ತಾನೆ. ಆದರೆ ಅವನು ಕಾದಂಬರಿಯ ದೋಷವೆಂದು ತೋರಿಸುವ ಈ ಜಾಗವೇ ಅದರ ತಿರುಳು ಎಂದು ನನಗನ್ನಿಸುತ್ತದೆ.

ಉಡುಗೊರೆ ಹಂಚುವ ಸಂದರ್ಭವನ್ನೇ ನೋಡಿ. ದ ಗೇಯ ಪೆಟ್ಟಿಗೆಯಲ್ಲಿ ಮನೆಯವರಿಗೆಂದು ತಂದ ಪೊಟ್ಟಣಗಳಿವೆ. ‘ಬಿ’ ಎಂಬ ಅಕ್ಷರವಿದ್ದ ಪೊಟ್ಟಣವನ್ನು ಮೇಷ್ಟ್ರು ಬ್ಲಾಂಶ್ ಎಂಬ ಸಹೋದರಿಗೆ ಕೊಡುತ್ತಾನೆ. ಒಳಗಿರುವುದು ದ ಗೇಯ ಪ್ರೇಯಸಿ ಬೇಲಾಳಿಗೆಂದು ಕೊಂಡ ಸುಗಂಧದ್ರವ್ಯ. ಆ ಬ್ಲಾಂಶ್ ಹದಿನೈದು ವರ್ಷಗಳಿಂದ ಅಣ್ಣತಮ್ಮಂದಿರಲ್ಲಿ ದ ಗೇಯೊಬ್ಬನ ಜೊತೆ ಮಾತು ಬಿಟ್ಟವಳು! ಇಷ್ಟು ದೊಡ್ಡ ಎಡವಟ್ಟಾದರೂ ಗುಟ್ಟು ಬಯಲಾಗುವುದಿಲ್ಲ. ಹದಿನೈದು ವರ್ಷ ಮುಖ ತಿರುಗಿಸಿಕೊಂಡೇ ಓಡಾಡಿದವಳು ಮುಖದಲ್ಲಿ ಏನನ್ನು ಗುರುತಿಸಬೇಕು? ತಾಯಿಗೆ ಮಗ ತರುವ ಮಾರ್ಫಿನ್ ಬೇಕು, ತಮ್ಮನಿಗೆ ಗಾಜಿನ ಕಾರ್ಖಾನೆ ಉಳಿಸುವ ಕರಾರು ಬೇಕು, ಬಸುರಿ ಹೆಂಡತಿಗೆ ಒಂದು ಒಳ್ಳೆಯ ಮಾತು ಬೇಕು. ಒಬ್ಬೊಬ್ಬರೂ ತಮಗೆ ಬೇಕಾದುದರ ಕಡೆ ಕಣ್ಣಿಟ್ಟಿದ್ದಾರೆ. ಅದನ್ನು ಹೊತ್ತು ತಂದವನ ಮೂತಿಯನ್ನು ದಿಟ್ಟಿಸಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಇದೆಲ್ಲ ಕಾಗದದ ಮೇಲೆ ಸರಿ, ನಿಜ ಜೀವನದಲ್ಲಿ ನಡೆದೀತೇ ಎಂದು ಕೇಳಬಹುದು. ಅದೇ ಫ್ರಾನ್ಸಿನ ಆರ್ತಿಗಾ ಎಂಬ ಹಳ್ಳಿಯಲ್ಲಿ ನಡೆದಿದೆ. ಮನೆ ಬಿಟ್ಟು ಹೋದ ಮಾರ್ತಾನ್ ಗೇರ್ ತಾನೇ ಎಂದು ಹೇಳಿಕೊಂಡು 1556ರಲ್ಲಿ ಬಂದವನ ಜೊತೆ ಹೆಂಡತಿ ಮೂರು ವರ್ಷ ಸಂಸಾರ ಮಾಡಿದಳು. ಆಸ್ತಿಯ ಜಗಳ ಕೋರ್ಟು ಹತ್ತಿದಾಗ ಸುಮಾರು 150 ಸಾಕ್ಷಿಗಳ ವಿಚಾರಣೆ ನಡೆಯಿತು. ಅವರಲ್ಲಿ ಅರವತ್ತಕ್ಕೂ ಹೆಚ್ಚು ಜನ ಇವನು ಯಾರೆಂದು ಹೇಳಲಾರೆವು ಎಂದರು. ಚಮ್ಮಾರನೊಬ್ಬ ಮಾತ್ರ ಕಾಲಿನ ಅಳತೆ ಹೇಳಿದ: ಮಾರ್ತಾನನದು ಹನ್ನೆರಡು, ಈತನದು ಒಂಬತ್ತು. ಕೊನೆಗೆ ನಿಜವಾದ ಗಂಡನೇ ಬಂದು ನಿಂತ ಮೇಲೆ, 1560ರಲ್ಲಿ, ವೇಷಧಾರಿ ನೇಣುಗಂಬ ಏರಿದ.

ಆದರೂ ಒಂದು ಆಕ್ಷೇಪಕ್ಕೆ ತೂಕವಿದೆ. ಮಾರ್ತಾನ್ ವರ್ಷಗಟ್ಟಲೆ ಕಣ್ಮರೆಯಾಗಿದ್ದವನು, ಜನರ ನೆನಪು ಮಾಸಿತ್ತು. ದ ಗೇ ಮನೆ ಬಿಟ್ಟು ಕೆಲವು ದಿನವಷ್ಟೇ ಆಗಿತ್ತು. ಮೈವಾಸನೆ, ಸ್ಪರ್ಶ ಇವೂ ಮೋಸ ಹೋದಾವೇ? ಡು ಮೋರಿಯೆ ಇದನ್ನು ಮರೆತಿಲ್ಲ. ಮನೆಯ ನಾಯಿ ಸೀಸರ್ ಹೊಸಬನನ್ನು ಕಂಡ ಕೂಡಲೇ ಬೊಗಳುತ್ತದೆ. ಆ ಮನೆಯ ಹೊರಗಿರುವ ಬೇಲಾಳಿಗೂ ಇವನು ಅವನಲ್ಲ ಎಂಬುದು ತಿಳಿಯುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ನೋಡಿದ ನಮಗೆ ಇದು ಹೊಸದೂ ಅಲ್ಲ. ಹಗಲು ಸಿಡುಕುವ ಗಂಡ ಅಪ್ಪಣ್ಣ ರಾತ್ರಿ ಮಾತ್ರ ಮುದ್ದು ಮಾಡುವುದು ಹೇಗೆಂಬ ಪ್ರಶ್ನೆಯನ್ನು ರಾಣಿ ನುಂಗಿಕೊಳ್ಳುತ್ತಾಳೆ, ಆ ಮುದ್ದು ಅವಳಿಗೆ ಅಷ್ಟು ಬೇಕಾಗಿತ್ತು. ಗಂಡನ ರೂಪದಲ್ಲಿ ಬಂದ ನಾಗನ ಮೇಲೆ ಅಲ್ಲಿಯೂ ಎರಗಿದ್ದು ಅಪ್ಪಣ್ಣ ಕಾವಲಿಗೆ ತಂದ ನಾಯಿಯೇ.

ಸಂಬಂಧವಿಲ್ಲದ ಇಬ್ಬರು ಇಷ್ಟೊಂದು ಹೋಲುವುದು ಕಾಕತಾಳೀಯ, ಒಪ್ಪೋಣ. ಸಸ್ಪೆನ್ಸ್ ಜಾತಿಯ ಕಾದಂಬರಿಗೆ ಅಷ್ಟು ಸಾಲ ಕೊಡುವುದು ಓದುಗರ ವಾಡಿಕೆ. ಅದಾದ ಮೇಲಿನದ್ದಕ್ಕೆಲ್ಲ ಲೇಖಕಿ ಲೆಕ್ಕ ಒಪ್ಪಿಸಿದ್ದಾರೆ. ಆ ಬಂಗಲೆಯಲ್ಲಿ ಯಜಮಾನನಿಂದ ಏನನ್ನೂ ವಸೂಲು ಮಾಡಬೇಕಿರದಿದ್ದುದು ನಾಯಿಯೊಂದೇ. ಆದ್ದರಿಂದಲೇ ಅದಕ್ಕೆ ಬಂದವನು ಯಾರೆಂದು ಕಂಡಿತು.