ನಿಮಗಿದು ಗೊತ್ತೆ? ಕಾಲೇಜು ಫುಟ್‌ಬಾಲ್‌ಗೆ ಕೋಚ್ ಯಾರು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಫುಟ್‌ಬಾಲ್‌ಗೆಂದೇ ಮುಖ್ಯ ಕೋಚ್ ಹುದ್ದೆ ಇರುವುದಿಲ್ಲ. ಆ ಹೊಣೆ ದೈಹಿಕ ಶಿಕ್ಷಣ ನಿರ್ದೇಶಕರದು. ಕಬಡ್ಡಿ, ವಾಲಿಬಾಲ್, ಓಟ, ಎಸೆತ ಎಲ್ಲಕ್ಕೂ ಅವರೇ. ಒಬ್ಬರ ಹೆಗಲಿಗೆ ಇದು ತುಸು ಹೆಚ್ಚೇ ಆಯಿತು!

ಈ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಅದರ ಆಡಳಿತ ಕಚೇರಿ ಇರುವುದು ಕೋಲಾರದ ಟಮಕದಲ್ಲಿ. ವಿ.ವಿ. ತಂಡಕ್ಕೆ ಆಯ್ಕೆಯಾದ ಹುಡುಗರಿಗೆ ಮುಂದಿನ ಮೆಟ್ಟಿಲು ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ. ತರಬೇತಿಯನ್ನೇ ವೃತ್ತಿಯಾಗಿಸಿಕೊಳ್ಳಲು ಬಯಸುವವರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಲೈಸೆನ್ಸ್‌ಗಳೂ ಇವೆ.

ಅಮೆರಿಕದಲ್ಲಿ ಕಾಲೇಜು ತಂಡದ ಕೋಚ್ ಕೆಲಸ ಜೀವಮಾನದ ವೃತ್ತಿ. ಇಂಡಿಯಾನಾ ವಿಶ್ವವಿದ್ಯಾಲಯದ ಜೆರ್ರಿ ಯೀಗ್ಲಿ 1973ರಿಂದ 2003ರವರೆಗೆ ಪುರುಷರ ಫುಟ್‌ಬಾಲ್ (ಸಾಕರ್) ತಂಡ ನಡೆಸಿ 6 ರಾಷ್ಟ್ರೀಯ ಪ್ರಶಸ್ತಿ ಗೆದ್ದರು.

ನಮ್ಮಲ್ಲಿ? ಭಾರತ ಕಂಡ ಅತ್ಯಂತ ಯಶಸ್ವಿ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಮೇಷ್ಟ್ರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಅವರ ಗರಡಿಯಲ್ಲೇ ಬಂದವು. ಆ ಮೆಲ್ಬರ್ನ್ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು.

ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯಲ್ಲಿ ಕರ್ನಾಟಕದ ಬರ ನೀಗಿದ್ದು 2023ರ ಮಾರ್ಚ್‌ನಲ್ಲಿ. ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ, 54 ವರ್ಷಗಳ ಬಳಿಕ ಟ್ರೋಫಿ ಎತ್ತಿದ ಆ ತಂಡದ ಕೋಚ್ ರವಿ ಬಾಬು ರಾಜು.